ಓಣಿ ಮೊದಲು, ಕಟ್ಟಡ ಆಮೇಲೆ: ಪೇಟೆ ನಡುವಿನ ಎರಡು ಎಕರೆಯ ಲೆಕ್ಕ

ಮುಚ್ಚಿಹೋದ ಮಿಲ್ಲು, ಊರಾಚೆಗೆ ಸ್ಥಳಾಂತರವಾದ ಬಸ್ ನಿಲ್ದಾಣದ ಹಳೇ ಜಾಗ, ಯಾವುದೋ ಇಲಾಖೆಯ ಗೋದಾಮು. ನಮ್ಮ ಊರುಗಳ ನಡುಮಧ್ಯದಲ್ಲಿ ಹೀಗೆ ಸುಮ್ಮನೆ ಬಿದ್ದಿರುವ ಜಾಗಗಳಿಗೆ ಕೊರತೆಯಿಲ್ಲ. ದಾವಣಗೆರೆ, ಹುಬ್ಬಳ್ಳಿಗಳಲ್ಲಿ ಇವು ಹೆಚ್ಚಾಗಿ ಮಿಲ್ಲುಗಳ ಜಾಗ. ಬೆಂಗಳೂರಿನಲ್ಲಿ ಇಂಥವು ಎಷ್ಟೋ ಈಗಾಗಲೇ ಬದಲಾಗಿವೆ. ಮಲ್ಲೇಶ್ವರದ ರಾಜಾ ಮಿಲ್ ಇದ್ದಲ್ಲಿ ಮಂತ್ರಿ ಮಾಲ್ ಬಂದಿದೆ, ವಿಠ್ಠಲ್ ಮಲ್ಯ ರಸ್ತೆಯ ಬ್ರೂವರಿ ಜಾಗದಲ್ಲಿ ಯುಬಿ ಸಿಟಿ ಎದ್ದಿದೆ, ಹಳೇ ಸೆಂಟ್ರಲ್ ಜೈಲು 2008ರಲ್ಲಿ ಫ್ರೀಡಂ ಪಾರ್ಕ್ ಆಗಿದೆ. ಬಿಎಂಟಿಸಿಯ ಜಾಗಗಳಲ್ಲಿ ಕೇಂದ್ರದ ನಗರ ನವೀಕರಣ ಯೋಜನೆ ಜೆನರ್ಮ್‌ನ ಹಣದಿಂದ ಶಾಂತಿನಗರ, ಜಯನಗರ, ವಿಜಯನಗರ, ಯಶವಂತಪುರ, ಕೆಂಗೇರಿ ಮುಂತಾದೆಡೆ ಬಸ್ ನಿಲ್ದಾಣದ ಜೊತೆ ಮಳಿಗೆ, ಪಾರ್ಕಿಂಗ್ ಇರುವ ಟಿಟಿಎಂಸಿ ಎಂಬ ಸಂಕೀರ್ಣಗಳು ಬಂದಿವೆ.

ಇವುಗಳಲ್ಲಿ ಮಳಿಗೆ, ಕಚೇರಿ, ಪಾರ್ಕಿಂಗ್ ಎಲ್ಲ ಒಂದೇ ಜಾಗದಲ್ಲಿರುವ ಮಿಶ್ರ ಬಳಕೆಯ ಕಟ್ಟಡಗಳು ಹಲವು. ಆದರೆ ಒಂದು ರಸ್ತೆಯಿಂದ ಇನ್ನೊಂದು ರಸ್ತೆಗೆ ಹೋಗಬೇಕಾದವನು ಇವುಗಳ ನಡುವೆ ಹಾದು ಹೋಗಲಾರ, ಸುತ್ತಿ ಬಳಸಿ ಹೋಗಬೇಕು. ಹೀಗಾಗುವುದಕ್ಕೆ ಕಾರಣ ವಿನ್ಯಾಸದ ಅನುಕ್ರಮ. ಮಾಲೀಕರಿಗೆ ಮೊದಲು ಬೇಕಾಗುವುದು ಕಟ್ಟಡದ ಮುಂಭಾಗದ ಬಣ್ಣದ ಚಿತ್ರ, ಆಮೇಲೆ ಎಷ್ಟು ಕಾರು ನಿಲ್ಲುತ್ತವೆ ಎಂಬ ಲೆಕ್ಕ, ಆಮೇಲೆ ಮಹಡಿಗಳ ಹಂಚಿಕೆ. ನಡೆಯುವವರಿಗೆ ಕೊನೆಯಲ್ಲಿ ಮಿಕ್ಕಿದ್ದು ಸಿಗುತ್ತದೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವ ಕೆಲಸ ಇದು. ಅನುಕ್ರಮ ತಿರುಗಿಸಬೇಕು: ಮೊದಲು ಓಣಿಗಳು, ಆಮೇಲೆ ನೆಲಮಹಡಿಯ ಅಂಚು, ಆಮೇಲೆ ಪಾರ್ಕಿಂಗ್, ಕಟ್ಟಕಡೆಗೆ ಮೇಲಿನ ಮಹಡಿಗಳು. ಲೆಕ್ಕ ಕೈಗೆ ಸಿಗಲಿ ಎಂದು ಇಲ್ಲಿ ಎರಡು ರಸ್ತೆಗಳ ಮೂಲೆಯಲ್ಲಿರುವ ಎರಡು ಎಕರೆಯ ನಿವೇಶನ ಇಟ್ಟುಕೊಳ್ಳೋಣ. ಅಂದರೆ ಸುಮಾರು 8,100 ಚದರ ಮೀಟರ್, 90 ಮೀಟರ್‌ಗೆ 90 ಮೀಟರ್.

ಗೆರೆ ಎಳೆಯುವ ಮುನ್ನ

ಮೂಲಪತ್ರ, ಋಣಭಾರ ಪತ್ರ, ಖಾತಾ, ಸಿಟಿ ಸರ್ವೆಯ ನಕ್ಷೆ ಇವೆಲ್ಲ ವಕೀಲರು ನೋಡುತ್ತಾರೆ. ವಿನ್ಯಾಸ ಮಾಡುವವರು ನೋಡಲೇಬೇಕಾದದ್ದು ಹಳೇ ಗ್ರಾಮ ನಕ್ಷೆ. ರಾಜಕಾಲುವೆಯ ಒಂದು ಕವಲು ಜಾಗದ ಮೂಲೆ ಹಾದುಹೋಗಿದ್ದರೆ ಅದರ ಮೀಸಲು ಅಂಚಿನಲ್ಲಿ ಕಟ್ಟುವಂತಿಲ್ಲ. ಈಗ ಅಲ್ಲಿ ಕಾಲುವೆಯೇ ಕಾಣುತ್ತಿಲ್ಲ ಎಂಬ ವಾದ ನಿಲ್ಲುವುದಿಲ್ಲ. ನಕ್ಷೆ ಮಂಜೂರಾತಿಯ ಹೊತ್ತಿಗೆ ಇದು ಗೊತ್ತಾದರೆ ಇಡೀ ವಿನ್ಯಾಸ ಮೊದಲಿಂದ.

ಸರ್ವೆ ಮಾಡಿಸುವಾಗ ಗಡಿ ಮಾತ್ರ ಅಳೆಸಿದರೆ ಸಾಲದು. ಸುತ್ತಲಿನ ರಸ್ತೆಗಳ ಮಟ್ಟ 5 ಮೀಟರ್‌ಗೆ ಒಂದರಂತೆ ಬೇಕು. ಚರಂಡಿಯ ತಳಮಟ್ಟ, ಒಳಚರಂಡಿ ಮ್ಯಾನ್‌ಹೋಲ್‌ನ ತಳಮಟ್ಟ, ಪಕ್ಕದ ಕಟ್ಟಡಗಳ ಪಾಯದ ಆಳ, ಪ್ರತಿ ಮರದ ಸುತ್ತಳತೆಯೂ ಬೇಕು. 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಮರ ಕಡಿಯಲು ಅನುಮತಿ ಪಡೆಯಬೇಕು. ಅದಕ್ಕಿಂತ ಮುಖ್ಯವಾಗಿ, ಐವತ್ತು ವರ್ಷದ ಮಳೆಮರವೊಂದು ಅಂಗಳದ ನೆರಳಿಗೆ ಸಿಕ್ಕಿದರೆ ಅದನ್ನು ಯಾವ ನರ್ಸರಿಯಲ್ಲೂ ಕೊಳ್ಳಲಾಗದು. ಮರ ಉಳಿಸಿಕೊಂಡೇ ಓಣಿ ತಿರುಗಿಸಿ.

ಹಳೇ ಬಸ್ ಡಿಪೋ ಆಗಿದ್ದರೆ ಡೀಸೆಲ್ ಬಂಕ್ ಇದ್ದ ಜಾಗದಲ್ಲಿ, ಸರ್ವಿಸ್ ಗುಂಡಿಗಳ ಪಕ್ಕದಲ್ಲಿ ಪರೀಕ್ಷಾ ಗುಂಡಿ ತೋಡಿಸಿ. ಮಣ್ಣಿಗೆ ಎಣ್ಣೆಯ ವಾಸನೆ ಇದ್ದರೆ ಅದನ್ನು ಬೇರೆಯಾಗಿ ತೆಗೆದು ವಿಲೇವಾರಿ ಮಾಡಬೇಕು. ಬೇಸ್‌ಮೆಂಟ್ ತೋಡುವಾಗ ಗೊತ್ತಾದರೆ ಕೆಲಸ ನಿಲ್ಲುತ್ತದೆ, ಅಂತರ್ಜಲಕ್ಕೂ ಹೋಗಿರುತ್ತದೆ. ಹಳೇ ಮಿಲ್ಲಾದರೆ ಕಲ್ನಾರು ಶೀಟುಗಳನ್ನು ಒಡೆಯದೆ, ಒದ್ದೆ ಮಾಡಿ, ಇಡಿಯಾಗಿ ಇಳಿಸಬೇಕು. ಗರಗಸದ ಹಲ್ಲಿನಂಥ ಚಾವಣಿಯಿರುವ ನೇಯ್ಗೆ ಶೆಡ್ ಗಟ್ಟಿಯಿದ್ದರೆ ಕೆಡವಬೇಡಿ. ಉತ್ತರದ ಬೆಳಕು ಬರುವ ಆ ಚಾವಣಿ ತರಕಾರಿ ಮಾರುಕಟ್ಟೆಗೂ ತಿಂಡಿ ಮಳಿಗೆಗಳಿಗೂ ಹೇಳಿ ಮಾಡಿಸಿದ ಹಾಗಿರುತ್ತದೆ. ಗಾರೆ ಗೋಡೆಗೆ ಮಾತ್ರ ಸಿಮೆಂಟ್ ಗಿಲಾವು ಮಾಡಿಸಬೇಡಿ. ತೇವ ಹೊರಹೋಗಲು ದಾರಿಯಿಲ್ಲದೆ ಇಟ್ಟಿಗೆಯೇ ಪುಡಿಯಾಗುತ್ತದೆ.

ಇನ್ನೊಂದು ಸರ್ವೆಯನ್ನು ಬಹುತೇಕ ಯಾರೂ ಮಾಡಿಸುವುದಿಲ್ಲ, ಅದು ಜನ ಎಲ್ಲಿಂದ ಎಲ್ಲಿಗೆ ನಡೆಯುತ್ತಾರೆ ಎಂಬುದು. ಒಂದು ವಾರದ ದಿನ, ಒಂದು ಸಂತೆಯ ದಿನ, ಒಂದು ಭಾನುವಾರ, ಬೆಳಿಗ್ಗೆ 8ರಿಂದ 10, ಸಂಜೆ 5ರಿಂದ 8. ಗಡಿಯ ಪ್ರತಿ ಮೂಲೆಯಲ್ಲಿ ಒಬ್ಬರು ನಿಂತು ಎಣಿಸಬೇಕು. ಕಾಂಪೌಂಡ್ ಗೋಡೆ ಒಡೆದು ಜನರೇ ಮಾಡಿಕೊಂಡ ಕಿಂಡಿ ಇದ್ದರೆ ಅದನ್ನು ನಕ್ಷೆಯಲ್ಲಿ ಗುರುತಿಸಿ. ಹೊಸ ಓಣಿಯ ಬಾಯಿ ಅಲ್ಲೇ ಬರಬೇಕು.

ಓಣಿ ಕತ್ತರಿಸುವುದು

90 ಮೀಟರ್ ಉದ್ದದ ಜಾಗಕ್ಕೆ ಅಡ್ಡಲಾಗಿ ಒಂದು, ಉದ್ದಕ್ಕೆ ಒಂದು ಓಣಿ. ಒಂದು 9 ಮೀಟರ್ ಅಗಲ, ಇನ್ನೊಂದು 6 ಮೀಟರ್. ಎರಡೂ ಸೇರಿ ಸುಮಾರು 1,300 ಚದರ ಮೀಟರ್. ಅವು ಕೂಡುವಲ್ಲಿ 25 ಮೀಟರ್ ಚೌಕದ ಒಂದು ಅಂಗಳ. ರಸ್ತೆಯಿರುವ ಎರಡೂ ಬದಿಗೆ ನಿವೇಶನದೊಳಗಿನಿಂದಲೇ 4 ಮೀಟರ್ ಬಿಟ್ಟು ಅದನ್ನು ಫುಟ್‌ಪಾತ್‌ಗೆ ಸೇರಿಸಬೇಕು. ಎಲ್ಲ ಕೂಡಿದರೆ ಜಾಗದ ಕಾಲು ಪಾಲಿಗಿಂತ ಹೆಚ್ಚು. ಮಾಲೀಕರು ಹೌಹಾರುವುದು ಇಲ್ಲೇ. ಆದರೆ ಬೈಲಾದ ಪ್ರಕಾರ ಹೇಗಿದ್ದರೂ ಕಟ್ಟಡದ ಸುತ್ತ ಖಾಲಿ ಜಾಗ, ಅಂದರೆ ಸೆಟ್‌ಬ್ಯಾಕ್, ಬಿಡಲೇಬೇಕಲ್ಲ. ವಾಡಿಕೆಯಲ್ಲಿ ಆ ಸೆಟ್‌ಬ್ಯಾಕ್ ಕಾಂಪೌಂಡ್ ಗೋಡೆಯ ಹಿಂದೆ ಜನರೇಟರ್, ಕಾರು, ಕಸದ ಡ್ರಮ್ಮು ಇಡುವ ಜಾಗವಾಗುತ್ತದೆ. ಗೋಡೆ ತೆಗೆದು ಅದನ್ನೇ ರಸ್ತೆಗೆ ಕೂಡಿಸಿದರೆ ಕಳೆದುಕೊಂಡದ್ದು ಅಂದುಕೊಂಡಷ್ಟಿಲ್ಲ. ಬದಲಿಗೆ ಮಳಿಗೆಗಳ ಮುಖದ ಉದ್ದ ಸುಮಾರು ಎರಡೂವರೆ ಪಟ್ಟಾಗುತ್ತದೆ. ಓಣಿಯಿಲ್ಲದ ಕಟ್ಟಡಕ್ಕೆ ಎರಡು ರಸ್ತೆಗಳ ಕಡೆ ಸೇರಿ 180 ಮೀಟರ್ ಮುಖ ಮಾತ್ರ. ಓಣಿ ಎರಡು ಹಾದರೆ ಒಳಗಡೆಯೇ ಇನ್ನೂ 300 ಮೀಟರ್‌ಗಿಂತ ಹೆಚ್ಚು ಸಿಗುತ್ತದೆ.

ಓಣಿಗಳು ಎರಡೂ ತುದಿಯಲ್ಲಿ ತೆರೆದಿರಬೇಕು (ರಸ್ತೆಯಿಲ್ಲದ ಗಡಿಯಲ್ಲಿ ಆಗಲೇ ಹೇಳಿದ ಕಿಂಡಿಯಂಥ ದಾರಿಗೆ ಕೂಡಬೇಕು), ಒಂದು ತುದಿಯಲ್ಲಿ ನಿಂತವನಿಗೆ ಇನ್ನೊಂದು ತುದಿ ಕಾಣಬೇಕು. ಕುರುಡು ಓಣಿಯ ಒಳತುದಿಯ ಮಳಿಗೆಗಳು ಎಲ್ಲಕ್ಕಿಂತ ಮೊದಲು ಶಟರ್ ಎಳೆಯುತ್ತವೆ.

9 ಮೀಟರ್ ಓಣಿ ಅಗ್ನಿಶಾಮಕ ವಾಹನಕ್ಕಾಗಿ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಂತೆ ಎತ್ತರದ ಕಟ್ಟಡದ ಸುತ್ತ ವಾಹನ ಓಡುವಂಥ 6 ಮೀಟರ್ ಜಾಗ, 9 ಮೀಟರ್ ತಿರುಗು ತ್ರಿಜ್ಯ, 45 ಟನ್ ಭಾರ ತಡೆಯುವ ನೆಲ ಬೇಕು. ಮಿಕ್ಕ 3 ಮೀಟರಿನಲ್ಲಿ ಮರ, ಬೆಂಚು, ದೀಪದ ಕಂಬ. ಸಾಮಾನ್ಯವಾಗಿ ತಪ್ಪುವುದು ಭಾರದ ವಿಷಯದಲ್ಲಿ. ಓಣಿಯ ಕೆಳಗೆ ಬೇಸ್‌ಮೆಂಟ್ ಚಾಚಿದ್ದರೆ ಆ ಸ್ಲ್ಯಾಬ್ ಅಷ್ಟು ಭಾರಕ್ಕೆ ವಿನ್ಯಾಸವಾಗಿರಬೇಕು. ಓಣಿಯನ್ನು ಕಾಲ್ನಡಿಗೆಯದೆಂದು ಕರೆದ ಕೂಡಲೇ ಸ್ಟ್ರಕ್ಚರಲ್ ಎಂಜಿನಿಯರ್ ಜನರ ಭಾರಕ್ಕಷ್ಟೇ ಲೆಕ್ಕ ಹಾಕಿಬಿಡುತ್ತಾರೆ. ಆಮೇಲೆ ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರದ ಹಂತದಲ್ಲಿ ಕೆಳಗೆ ಕಂಬಗಳನ್ನು ಸೇರಿಸಬೇಕಾಗುತ್ತದೆ, ಅವು ಬಂದು ನಿಲ್ಲುವುದು ಪಾರ್ಕಿಂಗ್ ಜಾಗದ ನಡುವೆ.

ಓಣಿಯ ಅಗಲಕ್ಕೂ ಅಕ್ಕಪಕ್ಕದ ಕಟ್ಟಡದ ಎತ್ತರಕ್ಕೂ ನಂಟಿದೆ. ಬೆಂಗಳೂರು, ಮೈಸೂರಿನ ಹವೆಗೆ ಅಗಲದ ಒಂದೂವರೆ ಪಟ್ಟು ಎತ್ತರ ಹಿತ. ಕಲಬುರಗಿ, ರಾಯಚೂರಿನಲ್ಲಿ ಎರಡು ಪಟ್ಟಿದ್ದರೂ ಒಳ್ಳೆಯದೇ, ಮಧ್ಯಾಹ್ನ ಹನ್ನೆರಡರ ಹೊತ್ತು ಬಿಟ್ಟರೆ ನೆರಳು ಸಿಗುತ್ತದೆ. ಮಂಗಳೂರಿಗೆ ನೆರಳಿಗಿಂತ ಮಳೆಯ ಚಿಂತೆ. ಅಲ್ಲಿ ಮಳಿಗೆಗಳ ಮುಂದೆ 3 ಮೀಟರ್ ಆಳದ ಕಂಬಸಾಲಿನ ಜಗಲಿ ಇಲ್ಲದಿದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವ್ಯಾಪಾರದ ಮಾತೇ ಬೇಡ.

ಮೊದಲ ನಾಲ್ಕೂವರೆ ಮೀಟರ್

ನಡೆಯುವವನಿಗೆ ಹದಿನೈದನೇ ಮಹಡಿಯ ಗಾಜು ಲೆಕ್ಕಕ್ಕಿಲ್ಲ. ಅವನ ಕಣ್ಣಿಗೆ ಬೀಳುವುದು ನೆಲದಿಂದ ನಾಲ್ಕೂವರೆ ಮೀಟರ್. ಡೆನ್ಮಾರ್ಕಿನ ವಾಸ್ತುಶಿಲ್ಪಿ ಯಾನ್ ಗೆಲ್ 100 ಮೀಟರ್ ಉದ್ದಕ್ಕೆ 15ರಿಂದ 20 ಬಾಗಿಲುಗಳಿರಬೇಕು ಎನ್ನುತ್ತಾರೆ. ಗಂಟೆಗೆ 5 ಕಿ.ಮೀ. ವೇಗದಲ್ಲಿ ನಡೆಯುವವನಿಗೆ ಆಗ ನಾಲ್ಕೈದು ಸೆಕೆಂಡಿಗೊಮ್ಮೆ ಹೊಸದೊಂದು ಕಾಣುತ್ತದೆ. ನಮ್ಮ ಚಿಕ್ಕಪೇಟೆ, ಅವೆನ್ಯೂ ರಸ್ತೆಗಳಲ್ಲಿ ಇದಕ್ಕಿಂತ ಹೆಚ್ಚೇ ಬಾಗಿಲುಗಳಿವೆ, ಯಾರೂ ಹೇಳಿಕೊಡದೆಯೇ.

ಕಂಬಗಳ ಅಂತರ 8.4 ಮೀಟರ್ ಇಟ್ಟರೆ ಮೇಲೆ 4.2 ಮೀಟರ್ ಅಗಲದ ಎರಡು ಮಳಿಗೆ ಬರುತ್ತವೆ, ಕೆಳಗಿನ ಬೇಸ್‌ಮೆಂಟ್‌ನಲ್ಲಿ 2.5 ಮೀಟರ್ ಅಗಲದ ಮೂರು ಕಾರು ಕಂಬದ ದಪ್ಪ ಬಿಟ್ಟು ಸರಿಯಾಗಿ ಕೂರುತ್ತವೆ. ಮೇಲೆ ಮನೆಗಳ ಗೋಡೆಗೂ ಇದೇ ಅಳತೆ ಹೊಂದುತ್ತದೆ. ಬೇರೆ ಬೇರೆ ಮಹಡಿಗೆ ಬೇರೆ ಬೇರೆ ಕಂಬಸಾಲು ಮಾಡಿದರೆ ನಡುವೆ ಆಳುದ್ದದ ತೊಲೆಗಳು ಬೇಕಾಗುತ್ತವೆ. ಅದಕ್ಕೆ ಹಣವೂ ಹೋಗುತ್ತದೆ, ಎತ್ತರವೂ ಹೋಗುತ್ತದೆ.

ಮಳಿಗೆಯ ಆಳ 8ರಿಂದ 10 ಮೀಟರ್ ಸಾಕು. ನೆಲದಿಂದ ಮೇಲಿನ ನೆಲಕ್ಕೆ 4.5 ಮೀಟರ್ ಇರಬೇಕು. 3 ಮೀಟರ್ ಇಟ್ಟರೆ ಎಸಿ ಪೈಪು, ಸ್ಪ್ರಿಂಕ್ಲರ್, ಅಡುಗೆಮನೆಯ ಹೊಗೆ ಕೊಳವೆ ಹಾದ ಮೇಲೆ ತಲೆ ತಾಗುವಷ್ಟೇ ಉಳಿಯುತ್ತದೆ.

ಇನ್ನು ಮೆಟ್ಟಿಲ ಪುರಾಣ. ಮಳೆನೀರು ನುಗ್ಗೀತೆಂದು ಎಲ್ಲರೂ ಪಾಯವನ್ನು 900 ಮಿ.ಮೀ. ಎತ್ತರಿಸುತ್ತಾರೆ. ಆಗ ಆರು ಮೆಟ್ಟಿಲು ಬೇಕು. 1:12ರ ಇಳಿಜಾರಿನಲ್ಲಿ ಗಾಲಿಕುರ್ಚಿಯ ರ‍್ಯಾಂಪ್ ಮಾಡಿದರೆ 10.8 ಮೀಟರ್ ಉದ್ದ, ಜೊತೆಗೆ ತಿರುವಿನ ಕಟ್ಟೆ. ಎರಡು ಮಳಿಗೆಯ ಮುಖ ಅಲ್ಲಿಗೆ ಮುಗಿಯಿತು. ಆಮೇಲೆ ಮೆಟ್ಟಿಲು ಫುಟ್‌ಪಾತ್ ಮೇಲೆ ಇಳಿಯುತ್ತದೆ. ಮಳಿಗೆಯ ನೆಲ ಫುಟ್‌ಪಾತ್‌ಗಿಂತ ಹೆಚ್ಚೆಂದರೆ 100 ಮಿ.ಮೀ. ಮೇಲಿರಲಿ, ಅದನ್ನೂ ಬಾಗಿಲ ಮುಂದೆ ಸಣ್ಣ ಇಳಿಜಾರಿನಲ್ಲಿ ಕರಗಿಸಿ. ನೀರಿಗೆ ಉತ್ತರವನ್ನು ನೆಲದ ಇಳಿಜಾರಿನಲ್ಲಿ ಕೊಡಬೇಕು: ಓಣಿ ಎರಡೂ ಬದಿಯಿಂದ ನಡುವಿಗೆ 1:60ರಷ್ಟು ಇಳಿಯಲಿ, ನಡುವೆ ಜಾಲರಿ ಮುಚ್ಚಿದ ಕಿರುಚರಂಡಿ ಹರಿಯಲಿ. ಗಂಟೆಗೆ 50 ಮಿ.ಮೀ. ಮಳೆ ಸುರಿದರೆ ನಮ್ಮ ಎರಡು ಎಕರೆಯ ಮೇಲೆ ಬೀಳುವ ನೀರು ನಾಲ್ಕು ಲಕ್ಷ ಲೀಟರ್. ಆ ನೀರಿಗೆ ಸಂಪು, ಇಂಗುಗುಂಡಿ, ಕೊನೆಗೆ ಸಾರ್ವಜನಿಕ ಚರಂಡಿ ಎಂಬ ಮೂರು ಹಂತದ ದಾರಿ ಮೊದಲೇ ಇರಬೇಕು.

ಇದೆಲ್ಲ ಮಾಡಿದ ಮೇಲೂ ಒಂದು ಅಪಾಯ ಉಳಿಯುತ್ತದೆ. ಪ್ರತಿ ಸಲ ಡಾಂಬರು ಹಾಕುವಾಗ ರಸ್ತೆ 40–50 ಮಿ.ಮೀ. ಏರುತ್ತದೆ. ನಾಲ್ಕು ಸಲ ಆದರೆ ಕರ್ಬ್ ಕಲ್ಲು ಮುಳುಗಿ ರಸ್ತೆಯ ನೀರು ಮಳಿಗೆಗೆ ಬರುತ್ತದೆ. ಹಳೇ ಪದರ ಕೆರೆದು ತೆಗೆದೇ ಹೊಸದು ಹಾಕಬೇಕೆಂದು ನಗರಪಾಲಿಕೆಯೊಂದಿಗೆ ಲಿಖಿತ ಒಪ್ಪಂದ ಮಾಡಿಕೊಳ್ಳಿ, ಓಣಿಯ ಬಾಯಿಯಲ್ಲಿ ಮಟ್ಟದ ಗುರುತು ಕೆತ್ತಿದ ಕಲ್ಲೊಂದನ್ನು ನೆಡಿ. ಕಲ್ಲು ನೆಡುವುದು ಅತಿಯಾಯಿತು ಅನ್ನಿಸಬಹುದು. ಕಾಗದ ಕಳೆದುಹೋಗುತ್ತದೆ, ಕಲ್ಲು ಹೋಗುವುದಿಲ್ಲ.

ಮಳಿಗೆಯ ಸಾಲನ್ನು ಕೊಲ್ಲುವುದು ಇನ್ನೂ ಕೆಲವಿವೆ. ಟ್ರಾನ್ಸ್‌ಫಾರ್ಮರ್ ಯಾರ್ಡ್, ಮೀಟರ್ ಕೋಣೆ, ಬೆಂಕಿ ಪಂಪ್‌ಮನೆ, ಬೇಸ್‌ಮೆಂಟ್ ರ‍್ಯಾಂಪ್, ಕಸದ ಕೋಣೆ. ಒಂದೊಂದೂ 6ರಿಂದ 10 ಮೀಟರ್ ಮುಖ ತಿನ್ನುತ್ತದೆ. ಇವನ್ನು ಒಂದೊಂದು ಕಡೆ ಚದುರಿಸದೆ, ರಸ್ತೆಯಿಲ್ಲದ ಎರಡು ಗಡಿಗಳ ಪೈಕಿ ಒಂದರಲ್ಲಿ ಒಟ್ಟುಗೂಡಿಸಿ ಆ ಬದಿಯನ್ನು ಬಿಟ್ಟುಕೊಡಬೇಕು. ವಿದ್ಯುತ್ ಕಂಪನಿಯವರು ಟ್ರಾನ್ಸ್‌ಫಾರ್ಮರ್‌ಗೆ ರಸ್ತೆಯಿಂದ ನೇರ ದಾರಿ ಕೇಳುತ್ತಾರೆ. ಹಾಗಾಗಿ ಅವರೊಂದಿಗೆ ಮಾತು ನಕ್ಷೆಯ ಮೊದಲ ತಿಂಗಳಲ್ಲೇ ಆಗಬೇಕು, ಕಟ್ಟಿ ಮುಗಿದ ಮೇಲಲ್ಲ. ಮನೆ, ಕಚೇರಿಗಳ ಲಾಬಿಗೆ 5 ಮೀಟರ್ ಮುಖ ಸಾಕು, ವಿಶಾಲ ಲಾಬಿ ಬೇಕಿದ್ದರೆ ಹಿಂದಕ್ಕೆ ಹಿಗ್ಗಲಿ.

ಫುಟ್‌ಪಾತ್, ಅದರ ಹೊಟ್ಟೆ

ಭಾರತೀಯ ರಸ್ತೆ ಕಾಂಗ್ರೆಸ್ಸಿನ ಐಆರ್‌ಸಿ 103 ಮಾರ್ಗಸೂಚಿ ಫುಟ್‌ಪಾತನ್ನು ಮೂರು ಪಟ್ಟಿಗಳಾಗಿ ನೋಡುತ್ತದೆ. ಮಳಿಗೆಗೆ ತಾಗಿದ ಅಂಚು, ನಡಿಗೆಯ ಪಟ್ಟಿ, ಮರ-ಕಂಬಗಳ ಪಟ್ಟಿ. ನಡಿಗೆಯ ಪಟ್ಟಿ ಕನಿಷ್ಠ 1.8 ಮೀಟರ್ ಅಗಲ, 2.2 ಮೀಟರ್ ಎತ್ತರ ಅಡೆತಡೆಯಿಲ್ಲದೆ ಇರಬೇಕು. ವಾಣಿಜ್ಯ ಪ್ರದೇಶಕ್ಕೆ 2.5 ಮೀಟರ್. ಕರ್ಬ್ 150 ಮಿ.ಮೀ.ಗಿಂತ ಎತ್ತರ ಬೇಡ. ಪೇಟೆ ನಡುವಿನ ಜಾಗಕ್ಕೆ 2.5 ಸಾಲದು, 3.5 ಹಿಡಿಯಿರಿ, ಯಾಕೆಂದರೆ ನಮ್ಮಲ್ಲಿ ಜನ ಒಬ್ಬೊಬ್ಬರೇ ಪೇಟೆಗೆ ಬರುವುದಿಲ್ಲ, ಮನೆಮಂದಿಯೆಲ್ಲ ಬರುತ್ತಾರೆ.

ಬೇಸ್‌ಮೆಂಟ್‌ಗೆ ಕಾರು ಹೋಗುವಲ್ಲಿ ಫುಟ್‌ಪಾತ್ ಇಳಿಯಕೂಡದು, ಕಾರೇ ಹತ್ತಿ ಇಳಿಯಬೇಕು. ಬೈಕು ನುಗ್ಗದಂತೆ ಗೂಟ ನೆಡುವುದು ನಿಜಕ್ಕೂ ಬಗೆಹರಿಯದ ತೊಡಕು: ಗಾಲಿಕುರ್ಚಿ ಹೋಗುವಲ್ಲೆಲ್ಲ ಬೈಕೂ ಹೋಗುತ್ತದೆ. ಗೂಟಗಳನ್ನು ಇನ್ನೂ ಹತ್ತಿರ ನೆಟ್ಟು ಗಾಲಿಕುರ್ಚಿಯನ್ನೇ ತಡೆಯುವುದು ಪರಿಹಾರವಲ್ಲ. ಓಣಿಯ ಬಾಯಿಯಲ್ಲೇ ಬೈಕ್ ನಿಲ್ಲಿಸಲು ಧಾರಾಳ ಜಾಗ ಕೊಟ್ಟರೆ ಒಳಗೆ ನುಗ್ಗುವವರು ತಾವಾಗಿ ಕಡಿಮೆಯಾಗುತ್ತಾರೆ.

ಫುಟ್‌ಪಾತ್ ಕೆಳಗೆ ಏನಿದೆ ಎಂಬುದೇ ಅದರ ಆಯುಷ್ಯ. ಬೆಂಗಳೂರಿನಲ್ಲಿ ಟೆಂಡರ್‌ಶ್ಯೂರ್ ಎಂಬ ಮಾದರಿಯಲ್ಲಿ ಹೊಸದಾಗಿ ಮಾಡಿದ ರಸ್ತೆಗಳಲ್ಲಿ ನೀರು, ಒಳಚರಂಡಿ, ವಿದ್ಯುತ್, ಕೇಬಲ್ ಎಲ್ಲಕ್ಕೂ ಗೊತ್ತಾದ ಜಾಗ, ಅಲ್ಲಲ್ಲಿ ಚೇಂಬರ್ ಇಟ್ಟದ್ದು ಇದಕ್ಕೇ, ಮತ್ತೆ ಅಗೆಯಬಾರದೆಂದು. ನಮ್ಮ ಓಣಿಗಳಲ್ಲೂ ಅದೇ ಆಗಬೇಕು. ಖಾಲಿ ಕೊಳವೆ ಎರಡಾದರೂ ಹೆಚ್ಚಿಗೆ ಹಾಕಿ, ಚೇಂಬರಿನ ಮುಚ್ಚಳಕ್ಕೂ ಸುತ್ತಲಿನ ಕಲ್ಲನ್ನೇ ಕೂರಿಸಿ, ಮುಚ್ಚಳ ನೆಲಮಟ್ಟಕ್ಕೆ ಸಮ ಇರಲಿ.

ಕಲ್ಲುಹಾಸಿನ ಪಾಠಕ್ಕೆ ಚರ್ಚ್ ಸ್ಟ್ರೀಟ್ ನೋಡಬೇಕು. ಬ್ರಿಗೇಡ್ ರಸ್ತೆಗೂ ಸೇಂಟ್ ಮಾರ್ಕ್ಸ್ ರಸ್ತೆಗೂ ನಡುವಿನ ಆ ಬೀದಿಗೆ ಹೊಸದಾಗಿ ಕಲ್ಲು ಹಾಸಿ 2018ರಲ್ಲಿ ತೆರೆದರು. 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ವಾಹನ ನಿಲ್ಲಿಸಿದಾಗ ಜನ ತುಂಬಿ ಹರಿದರು. ಆದರೆ ಮಿಕ್ಕ ದಿನಗಳಲ್ಲಿ ವಾಹನ ಓಡುತ್ತಲೇ ಇದ್ದವು, ಸಣ್ಣ ಕಲ್ಲುಗಳು ಅಲ್ಲಲ್ಲಿ ಎದ್ದವು. ಬಿಡಿಕಲ್ಲಿನ ಹಾಸು ಕೆಡುವ ಬಗೆ ಎಲ್ಲೆಡೆ ಒಂದೇ. ಚಕ್ರ ನೇರ ಹೋಗುವಾಗ ಕಲ್ಲಿಗೆ ಅಷ್ಟೇನೂ ತೊಂದರೆಯಿಲ್ಲ. ತಿರುಗುವಾಗ, ಬ್ರೇಕ್ ಹಾಕುವಾಗ ಅಡ್ಡ ನೂಕುತ್ತದೆ, ಸಂದಿಯ ಮರಳು ಹೊರಬರುತ್ತದೆ, ಮಳೆನೀರು ಒಳಹೋಗಿ ಹಾಸುಮರಳು ಕೊಚ್ಚಿಹೋಗುತ್ತದೆ, ಒಂದು ಕಲ್ಲು ಎದ್ದರೆ ಪಕ್ಕದ ನಾಲ್ಕು ಸಡಿಲ.

ಹಾಗಾಗಿ ಪದರಗಳು ಹೀಗಿರಲಿ: ಚೆನ್ನಾಗಿ ರೋಲರ್ ಹೊಡೆದ ಮಣ್ಣಿನ ಮೇಲೆ 150–200 ಮಿ.ಮೀ. ಜಲ್ಲಿ ಮಿಶ್ರಣ, ವಾಹನ ಬರುವಲ್ಲಿ ಅದರ ಮೇಲೆ 100–150 ಮಿ.ಮೀ. ಕಾಂಕ್ರೀಟು, ಅದರ ಮೇಲೆ 30 ಮಿ.ಮೀ. ಒರಟು ಮರಳು, ಮೇಲೆ ಕಲ್ಲು. ಕಾಂಕ್ರೀಟಿಗೆ ನೀರು ಇಳಿಯುವ ತೂತುಗಳಿಲ್ಲದಿದ್ದರೆ ಮರಳು ಕೆಸರಾಗುತ್ತದೆ. ಬಿಡಿಕಲ್ಲು ಬರೀ ನಡೆಯುವಲ್ಲಿ 60 ಮಿ.ಮೀ., ವಾಹನಕ್ಕೆ 80 ಅಥವಾ ಹೆಚ್ಚು. ಅಂಚಿಗೆ ಕಾಂಕ್ರೀಟಿನಲ್ಲಿ ಹೂತ ಅಡ್ಡಕಲ್ಲು ಕಡ್ಡಾಯ, ಅದಿಲ್ಲದಿದ್ದರೆ ಇಡೀ ಹಾಸು ಮೆಲ್ಲಗೆ ಹೊರಕ್ಕೆ ಜರಗುತ್ತದೆ. ಗಾಡಿಗಳು ತಿರುಗುವ ಓಣಿಯ ಬಾಯಿಯಲ್ಲಿ ಸಣ್ಣ ಕಲ್ಲಿನ ಆಸೆ ಬಿಟ್ಟು ದಪ್ಪ ಚಪ್ಪಡಿ ಹಾಸಿ. ಹೊಳಪು ಕೊಟ್ಟ ಗ್ರಾನೈಟ್ ಎಲ್ಲೂ ಬೇಡ, ಮೊದಲ ಮಳೆಗೇ ಜಾರಿ ಬೀಳುತ್ತಾರೆ. ಬೆಂಕಿಯಿಂದ ಒರಟು ಮಾಡಿದ ಕಲ್ಲೇ ಸರಿ.

ಮಹಡಿಗಳು, ಕಾರುಗಳು, ನೀರು

ಎಫ್‌ಎಆರ್, ಅಂದರೆ ನಿವೇಶನದ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಎಂಬ ಮಿತಿ, ರಸ್ತೆಯ ಅಗಲ, ವಲಯ ನೋಡಿ ಬದಲಾಗುತ್ತದೆ. ಇಲ್ಲಿ 2.25 ಎಂದು ಹಿಡಿದರೆ ಕಟ್ಟಬಹುದಾದದ್ದು 18,200 ಚದರ ಮೀಟರ್. ಕಟ್ಟಡದ ನೆಲಹರವು ಅರ್ಧ ಜಾಗ, 4,050. ಅದರಲ್ಲಿ 2,800 ಮಳಿಗೆಗಳಿಗೆ, ಮಿಕ್ಕದ್ದು ಲಾಬಿ, ಮೆಟ್ಟಿಲು, ಸೇವೆಗಳಿಗೆ. ಮೇಲೆ 5,000 ಕಚೇರಿ, 9,150 ಮನೆ. ಗೋಡೆ, ಪಡಸಾಲೆ, ಲಿಫ್ಟ್ ಕಳೆದು ಮುಕ್ಕಾಲು ಪಾಲು ಬಳಕೆಗೆ ಸಿಕ್ಕರೆ 65 ಚದರ ಮೀಟರಿನ ಸುಮಾರು 105 ಮನೆ.

ಮಳಿಗೆಯ ಮೇಲೆ ನೇರವಾಗಿ ಮನೆ ಇಡಬೇಡಿ, ನಡುವೆ ಕಚೇರಿಯ ಒಂದು ಮಹಡಿಯಾದರೂ ಇರಲಿ. ಮನೆಯ ಬಚ್ಚಲಿನ ತಗ್ಗಿದ ಸ್ಲ್ಯಾಬ್ ಸೋರಿದರೆ ಕೆಳಗಿನ ಬಟ್ಟೆ ಅಂಗಡಿಯ ಮೇಲೆ ಬೀಳುತ್ತದೆ, ಜಗಳ ಮುಗಿಯುವುದೇ ಇಲ್ಲ. ಕಚೇರಿಗಳ ಶೌಚಾಲಯ ಒಂದೇ ಕಡೆ ಒಟ್ಟಾಗಿರುವುದರಿಂದ ಆ ತೊಂದರೆ ಕಡಿಮೆ, ಜೊತೆಗೆ ಸಂಜೆಯ ಗದ್ದಲವೂ ಮನೆಗೆ ಮುಟ್ಟುವುದಿಲ್ಲ.

ಪಾರ್ಕಿಂಗ್ ಲೆಕ್ಕ ಹಾಕಿದಾಗ ಎದೆ ಝಲ್ಲೆನ್ನುತ್ತದೆ. ಮನೆಗೊಂದು ಕಾರು, ಕಚೇರಿ-ಮಳಿಗೆಗೆ 50 ಚದರ ಮೀಟರಿಗೆ ಒಂದು ಕಾರು ಎಂದು ಹಿಡಿದರೆ 260 ಕಾರು. ಬೇಸ್‌ಮೆಂಟ್‌ನಲ್ಲಿ ಒಂದು ಕಾರಿಗೆ ಓಡಾಟದ ದಾರಿ, ರ‍್ಯಾಂಪ್ ಸೇರಿ 32 ಚದರ ಮೀಟರ್ ಬೇಕು. ಒಟ್ಟು 8,300, ಅಂದರೆ ಇಡೀ ನಿವೇಶನಕ್ಕಿಂತ ದೊಡ್ಡದು. ಇದರ ಪರಿಣಾಮ ಎರಡು. ಒಂದು, ಬೇಸ್‌ಮೆಂಟ್ ಸೇರಿ ಒಟ್ಟು ವಿಸ್ತೀರ್ಣ 26,500 ಆಗುತ್ತದೆ. 2006ರ ಪರಿಸರ ಪರಿಣಾಮ ಅಂದಾಜಿನ (ಇಐಎ) ಅಧಿಸೂಚನೆಯ 20,000 ಚದರ ಮೀಟರ್ ಗಡಿಗೆ ಬೇಸ್‌ಮೆಂಟೂ ಲೆಕ್ಕವಾಗುವುದರಿಂದ ಪರಿಸರ ಅನುಮತಿ ಬೇಕಾಗುತ್ತದೆ. ಎಫ್‌ಎಆರ್ ಲೆಕ್ಕ ಮಾತ್ರ ನೋಡಿ, 18,200 ತಾನೇ, ಬೇಡ ಅಂದುಕೊಂಡವರು ಇಲ್ಲೇ ಎಡವುವುದು. ಎರಡು, ಒಂದೇ ಬೇಸ್‌ಮೆಂಟ್ ಮಾಡಲು ಹೋಗಿ ಗಡಿಯಿಂದ ಗಡಿಗೆ ತೋಡುತ್ತಾರೆ, ಆಗ ನಿಜವಾದ ಮರ ಬೆಳೆಯಲು ಮಣ್ಣೇ ಇರುವುದಿಲ್ಲ. ಸ್ಲ್ಯಾಬಿನ ಮೇಲೆ ಮರ ನಿಲ್ಲಬೇಕಾದರೆ ಒಂದೂವರೆ ಮೀಟರ್ ಮಣ್ಣು ಬೇಕು, ಅದರ ತೂಕ ತಡೆಯುವ ಸ್ಲ್ಯಾಬ್ ಬೇಕು. ಎರಡು ಬೇಸ್‌ಮೆಂಟ್ ಮಾಡಿ, ಆದರೆ ಕಟ್ಟಡಗಳ ಕೆಳಗೆ ಮಾತ್ರ. ಅಂಗಳ, ರಸ್ತೆಯಂಚು ಭೂಮಿಗೇ ಬಿಡಿ. ಅಲ್ಲಿ ಹೊಂಗೆ 8–10 ಮೀಟರಿಗೊಂದು ನೆಟ್ಟರೆ ಹತ್ತು ವರ್ಷದಲ್ಲಿ ಸಾಲು ಕೂಡುತ್ತದೆ.

ಕಚೇರಿಯ ಕಾರುಗಳು ಹಗಲು, ಮನೆಯವು ರಾತ್ರಿ. ಹಂಚಿಕೊಂಡರೆ ಸಂಖ್ಯೆ ಗಣನೀಯವಾಗಿ ಇಳಿಯುತ್ತದೆ. ಇದಕ್ಕೆ ಪ್ರಾಧಿಕಾರ ಒಪ್ಪಬೇಕು, ಮನೆಗಳನ್ನು ಮಾರುವಾಗ ಪಾರ್ಕಿಂಗ್ ಜಾಗಕ್ಕೆ ನಂಬರ್ ಹಾಕಿ ಕೊಟ್ಟುಬಿಡಲೂಬಾರದು. ಇನ್ನೊಂದು ಮಾತು, ರ‍್ಯಾಂಪ್. 3.3 ಮೀಟರ್ ಇಳಿಯಲು 1:10ರಲ್ಲಿ 33 ಮೀಟರ್, ಎರಡೂ ತುದಿಯ ಮೆದು ಇಳಿಜಾರು ಸೇರಿ 40ರ ಹತ್ತಿರ. ನಮ್ಮ ಓಣಿಗಳು ಜಾಗವನ್ನು ನಾಲ್ಕಾಗಿ ಸೀಳಿವೆಯಲ್ಲ, ಪ್ರತಿ ತುಂಡಿನ ಬದಿಯೂ ಸುಮಾರು 40 ಮೀಟರ್. ರ‍್ಯಾಂಪ್ ಒಂದು ಬದಿಯನ್ನು ಪೂರ್ತಿ ನುಂಗುತ್ತದೆ. ಆದ್ದರಿಂದಲೇ ಅದು ಮುಖವಿಲ್ಲದ ಗಡಿಗೆ ಹೋಗಬೇಕು.

ನೀರು: ಮನೆಯವರಿಗೆ ತಲೆಗೆ ದಿನಕ್ಕೆ 135 ಲೀಟರ್, ಕಚೇರಿಯವರಿಗೆ 45, ಹೋಟೆಲಿನ ಪ್ರತಿ ಸೀಟಿಗೆ 70. 470 ನಿವಾಸಿಗಳು, 500 ಉದ್ಯೋಗಿಗಳು, 300 ಸೀಟುಗಳು, ಮಿಕ್ಕ ಮಳಿಗೆಗಳು ಸೇರಿ ದಿನಕ್ಕೆ ಸುಮಾರು 1.2 ಲಕ್ಷ ಲೀಟರ್. ದಿನಕ್ಕೆ ಒಂದು ಲಕ್ಷ ಲೀಟರ್ (100 ಕೆಎಲ್‌ಡಿ) ಶುದ್ಧೀಕರಿಸುವ ಕೊಳಚೆನೀರಿನ ಘಟಕ, ಅಂದರೆ ಎಸ್‌ಟಿಪಿ, ಬೇಕು. ಎಸ್‌ಟಿಪಿ ಕೆಡುವುದು ಹೆಚ್ಚಾಗಿ ಹೋಟೆಲುಗಳಿಂದ. ಎಣ್ಣೆ-ಜಿಡ್ಡು ನೇರ ಹೋದರೆ ಒಳಗಿನ ಬ್ಯಾಕ್ಟೀರಿಯಾ ಸತ್ತು ಇಡೀ ಅಂಗಳ ನಾರುತ್ತದೆ. ಪ್ರತಿ ಅಡುಗೆಮನೆಗೂ ಬೇರೆಯೇ ಜಿಡ್ಡು ತೊಟ್ಟಿ, ಅದನ್ನು ಹೊರಗಿನಿಂದ ತೆಗೆದು ನೋಡುವಂತಿರಬೇಕು, ವಾರಕ್ಕೊಮ್ಮೆ ತೆಗೆಯುವ ಹೊಣೆ ಬಾಡಿಗೆ ಕರಾರಿನಲ್ಲೇ ಇರಬೇಕು.

ಹೊಗೆ ಕೊಳವೆಯದೂ ಅದೇ ಕಥೆ. ಯಾವ ಮಳಿಗೆ ಹೋಟೆಲಾಗುತ್ತದೆ ಎಂದು ಈಗ ಗೊತ್ತಿಲ್ಲ, ಆದರೆ ಕೆಲವಾದರೂ ಆಗೇ ಆಗುತ್ತವೆ. ಮೂರ್ನಾಲ್ಕು ಮಳಿಗೆಗೊಂದರಂತೆ ತಾರಸಿಯವರೆಗೆ ಇಟ್ಟಿಗೆಯ ಶಾಫ್ಟ್ ಈಗಲೇ ಬಿಡಿ. ಬಿಡದಿದ್ದರೆ ಒಗ್ಗರಣೆ ಹೊಗೆ ಮೊದಲ ಮಹಡಿಯ ಕಿಟಕಿಗೇ ಬರುತ್ತದೆ. ಆಮೇಲೆ ಕಟ್ಟಡದ ಮುಖದ ಮೇಲೆ ತಗಡಿನ ಕೊಳವೆಗಳು ಹತ್ತುವುದನ್ನು ಯಾರೂ ತಡೆಯಲಾರರು.

ಯಾರು ಮೊದಲು ಬರಬೇಕು

ಲಂಡನ್ನಿನ ಕಿಂಗ್ಸ್ ಕ್ರಾಸ್ ರೈಲು ಯಾರ್ಡಿನ 67 ಎಕರೆಯಲ್ಲಿ ಆದದ್ದು ದೊಡ್ಡ ಪ್ರಮಾಣದ್ದಾದರೂ ಕ್ರಮ ಕಲಿಯುವಂಥದು. 2006ರಲ್ಲಿ ಸಿಕ್ಕ ಅನುಮತಿಯಲ್ಲೇ ಇಪ್ಪತ್ತು ಹೊಸ ರಸ್ತೆಗಳು, ಹತ್ತು ಉದ್ಯಾನ-ಚೌಕಗಳು ಗುರುತಾಗಿದ್ದವು. 1852ರ ಧಾನ್ಯದ ಗೋದಾಮಿಗೆ 2011ರಲ್ಲಿ ಕಲಾ ಕಾಲೇಜು ಬಂತು, ಮರುವರ್ಷ ಅದರ ಮುಂದಿನ ಚೌಕ ತೆರೆಯಿತು. ಕಲ್ಲಿದ್ದಲು ಇಳಿಸುತ್ತಿದ್ದ ಹಳೇ ಶೆಡ್‌ಗಳು ಅಂಗಡಿಗಳಾದದ್ದು 2018ರಲ್ಲಿ. ನಮ್ಮಲ್ಲಿ ಇದು ತಲೆಕೆಳಗು: ಮೊದಲು ಅಂಗಡಿ ಹರಾಜು, ಆಮೇಲೆ ಜನ ಬರಲಿ ಎಂಬ ಹಾರೈಕೆ. ಗ್ರಂಥಾಲಯ, ಉಪನೋಂದಣಿ ಕಚೇರಿ, ಸಂಜೆ ಕಾಲೇಜು, ಆರೋಗ್ಯ ಕೇಂದ್ರ ಇಂಥದೊಂದನ್ನು ಮೊದಲ ಹಂತದಲ್ಲೇ ಒಳಗಿನ ಅಂಗಳಕ್ಕೆ ಮುಖ ಮಾಡಿ ಕೂರಿಸಿದರೆ ಹೆಜ್ಜೆಗಳು ತಾವಾಗಿ ಒಳಗೆ ಬರುತ್ತವೆ.

ಜಾಗದ ಅಂಚಿನಲ್ಲಿ ಈಗಾಗಲೇ ಇರುವ ಹೂವಿನವರು, ಸೊಪ್ಪಿನವರು, ಪಂಕ್ಚರ್ ಅಂಗಡಿಯವರು ಯೋಜನೆಗೆ ಅಡ್ಡಿಯಲ್ಲ, ಅದರ ಮೊದಲ ಬಾಡಿಗೆದಾರರು. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಂತೆ ಪಟ್ಟಣ ವ್ಯಾಪಾರ ಸಮಿತಿಯ ಮೂಲಕ ಹೋಗಬೇಕು, ಸ್ಥಳಾಂತರಕ್ಕೆ 30 ದಿನದ ನೋಟಿಸ್ ಬೇಕು. ಕೆಡವುವ ಮೊದಲೇ ತಾತ್ಕಾಲಿಕ ಸಾಲು ಅದೇ ಫುಟ್‌ಪಾತಿನ ನೂರು ಮೀಟರ್ ಒಳಗೆ ಸಿದ್ಧವಿರಲಿ. ದೂರ ಕಳಿಸಿದರೆ ಗಿರಾಕಿಗಳು ಚದುರಿ, ಮರಳಿ ಬರುವ ಹೊತ್ತಿಗೆ ವ್ಯಾಪಾರವೇ ಉಳಿದಿರುವುದಿಲ್ಲ. ಹೊಸ ಓಣಿಯ ಬಾಯಿಗಳಲ್ಲಿ ಅವರಿಗೆ ಒಂದೂವರೆ ಮೀಟರ್ ಚೌಕದ ಕಟ್ಟೆ, ಹತ್ತಿರ ಒಂದು ನಲ್ಲಿ, ಮೀಟರ್ ಇರುವ ವಿದ್ಯುತ್ ಪಾಯಿಂಟ್, ಹಸಿ ಕಸದ ತೊಟ್ಟಿ ನಕ್ಷೆಯಲ್ಲೇ ಗುರುತಾಗಲಿ.

ನೆಲಮಹಡಿಯ ಮಳಿಗೆಗಳನ್ನು ಬಿಡಿಬಿಡಿಯಾಗಿ ಮಾರಬಾರದು. ಇದರ ಬಗ್ಗೆ ರಾಜಿಯೇ ಬೇಡ. ಎಂಬತ್ತು ಮಳಿಗೆಗೆ ಎಂಬತ್ತು ಮಾಲೀಕರಾದರೆ ಯಾರಿಗೆ ಬಾಡಿಗೆ ಕೊಡಬೇಕು, ಯಾವಾಗ ತೆರೆಯಬೇಕು, ಮುಂದೆ ಎಷ್ಟು ಚಾಚಬೇಕು ಎಂದು ಯಾರೂ ಹೇಳಲಾರರು. ಬೆಲೆ ಏರಲಿ ಎಂದು ಅರ್ಧ ಮಳಿಗೆಗಳು ಬೀಗ ಹಾಕಿಕೊಂಡೇ ಇರುತ್ತವೆ. ಮನೆ ಮಾರಿ, ಬೇಕಾದರೆ ಕಚೇರಿಯನ್ನೂ ಮಾರಿ, ನೆಲಮಹಡಿ ಒಂದೇ ಕೈಯಲ್ಲಿರಲಿ. ದೊಡ್ಡ ಬ್ರಾಂಡಿಗೆ ನಾಲ್ಕು ಮಳಿಗೆ ಕೂಡಿಸಿ ಕೊಡುವುದಿದ್ದರೆ ಮೂಲೆಯಲ್ಲಿ ಒಂದೇ ಬಾಗಿಲು, ಮಿಕ್ಕ ಉದ್ದ ಓಣಿಗೆ ಬೆನ್ನು ತಿರುಗಿಸದಂತೆ ಹೊರಗಡೆ ಸಣ್ಣ ಮಳಿಗೆಗಳ ತೆಳು ಸಾಲು ಹೊದಿಸಿ. ಗಾಜಿಗೆ ಪೂರ್ತಿ ಜಾಹೀರಾತು ಅಂಟಿಸಬಾರದೆಂದು ಕರಾರಿನಲ್ಲಿ ಬರೆಯಿರಿ.

ಓಣಿಗಳ ಹಕ್ಕನ್ನೂ ಕಾಗದದಲ್ಲಿ ಕಟ್ಟಬೇಕು. ಈಗಿನ ಮಾಲೀಕರು ಒಳ್ಳೆಯವರೇ ಇರಬಹುದು, ಹತ್ತು ವರ್ಷದ ಮೇಲೆ ಮನೆಯವರ ಸಂಘ ಭದ್ರತೆಯ ನೆಪದಲ್ಲಿ ಗೇಟು ಹಾಕಿಸುತ್ತದೆ. ಸಾರ್ವಜನಿಕ ದಾರಿಹಕ್ಕನ್ನು ಅಳತೆ, ಮಟ್ಟ, ತೆರೆದಿರುವ ಹೊತ್ತು ಸಮೇತ ನೋಂದಾಯಿತ ಪತ್ರವಾಗಿ ನಗರಪಾಲಿಕೆಯ ಹೆಸರಿಗೆ ಮಾಡಿಸಿ, ಮಂಜೂರಾದ ನಕ್ಷೆಯಲ್ಲಿ ಬೇರೆ ಬಣ್ಣದಲ್ಲಿ ತೋರಿಸಿ, ಪ್ರತಿ ಮನೆಯ ಕ್ರಯಪತ್ರದಲ್ಲಿ ಅದರ ಉಲ್ಲೇಖ ಸೇರಿಸಿ. ದೀಪ, ಕಲ್ಲುಹಾಸು, ಚರಂಡಿಯ ನಿರ್ವಹಣೆ ಮಳಿಗೆಗಳ ಬಾಡಿಗೆಯ ಗೊತ್ತಾದ ಪಾಲಿನಿಂದ ನಡೆಯಲಿ. ಹಾಸಿದ ಕಲ್ಲಿನ ನೂರಕ್ಕೆ ಐದು ಪಾಲು ಅದೇ ಕ್ವಾರಿಯದ್ದು, ಅದೇ ಅಳತೆಯದ್ದು ಬೇಸ್‌ಮೆಂಟಿನ ಮೂಲೆಯಲ್ಲಿ ದಾಸ್ತಾನಿರಲಿ. ಆ ಕ್ವಾರಿ ಮುಚ್ಚಿದ ಮೇಲೆ ಅದೇ ಬಣ್ಣ ಮತ್ತೆ ಸಿಗುವುದಿಲ್ಲ.